ಕಿತ್ತವರ ಕಟ್ಟಿಗೆ

ರೊಟ್ಟಿ ಬಡಿಯುವ ಸದ್ದೊಂದನ್ನು ಬಿಟ್ಟರೆ ಈ ಲೋಕದಲ್ಲಿ ನಾನು ಅನುಕರಿಸಲಾಗದ ಸದ್ದೇ ಇಲ್ಲವೆಂದು ಬಹುಕಾಲ ಜಂಬಪಟ್ಟುಕೊಂಡಿದ್ದೆ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವವರ ಕೂಗು, ಕುಷ್ಟಗಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಸೀನು, ಏನನ್ನೂ ಹೇಳದೆ ಅರ್ಧ ಗಂಟೆ ಭಾಷಣ ಮಾಡಬಲ್ಲವರ ಗಂಟಲು, ನೆಗಡಿಯಾದ ಎಮ್ಮೆ, ಇವೆಲ್ಲ ನನ್ನ ನಾಲಗೆಯ ಮೇಲಿನ ಬಾಡಿಗೆದಾರರು. ಆದರೆ ನನ್ನ ಖೋಲಿಯ ಗೋಡೆಯಾಚೆ ನೀಲವ್ವ ನಸುಕಿನಲ್ಲಿ ಜೋಳದ ರೊಟ್ಟಿ ಬಡಿಯತೊಡಗಿದರೆ ಆ ಪಟಪಟ ಸದ್ದು ಮಾತ್ರ ನನ್ನ ಬಾಯಿಗೆ ಸಿಗುವುದಿಲ್ಲ. ಅದಕ್ಕೆ ಎರಡು ಅಂಗೈ ಬೇಕು, ಆ ಅಂಗೈಗಳು ಯಾರಿಗೋ ಉಣಿಸುವ ಅವಸರದಲ್ಲಿರಬೇಕು. ನನಗೆ ಅಂಗೈ ಎರಡಿವೆ. ಅವಸರವಿಲ್ಲ, ಉಣ್ಣುವವರೂ ಇಲ್ಲ.

ನಾನಿರುವ ಊರು ಮಂಗಳೂರು. ಹಾಗೆಂದೊಡನೆ ಕಡಲನ್ನೂ ಮೀನನ್ನೂ ನೆನೆಯಬೇಡಿ, ಗೆಳೆಯರೇ. ಇದು ಯಲಬುರ್ಗಾ ಸೀಮೆಯ ಮಂಗಳೂರು. ಇಲ್ಲಿ ಅಲೆಗಳೇನಿದ್ದರೂ ಎರೆನೆಲದ ನೇಗಿಲ ಸಾಲಿನವು. ನಾನು ಹುಟ್ಟಿದ್ದು ನವಲಿಯಲ್ಲಿ, ಬೆಳೆದದ್ದು ಭತ್ತದ ಗದ್ದೆಯ ಕೆಸರಿನಲ್ಲಿ. ಬೆಳೆಯ ಉಳಿಕೆಯಿಂದ ಉರುವಲು ಮಾಡುವ ಕಾರ್ಖಾನೆಯೊಂದು ನನ್ನನ್ನು ಇಲ್ಲಿಗೆ ಕಳಿಸಿತು. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ನಿಲ್ಲುವ ಒಣಗಿಡಗಳನ್ನು ಕೊಂಡು, ಪುಡಿ ಮಾಡಿ, ಒತ್ತಿ, ತೋಳುದಪ್ಪದ ತುಂಡುಗಳನ್ನಾಗಿಸಿ ದೊಡ್ಡ ಬಾಯ್ಲರುಗಳಿಗೆ ಸಾಗಿಸುವುದು ಅದರ ಕಸುಬು. ಯಾವ ಊರಲ್ಲಿ ಎಷ್ಟು ಕಟ್ಟಿಗೆ ಇದೆಯೆಂದು ತಿರುಗಾಡಿ ನಮೂನೆ ತುಂಬುವುದು ನನ್ನದು.

ಕೆಲಸಕ್ಕೆ ಸೇರಿದ ದಿನ ಹೇಳಿಕೊಟ್ಟ ತತ್ವ ಸುಂದರವಾಗಿತ್ತು. ಈಗಲೂ ಸುಂದರವೆಂದೇ ನಂಬಿದ್ದೇನೆ. ಕಲ್ಲಿದ್ದಲು ಸುಡುವುದೆಂದರೆ ಯುಗಯುಗಗಳಿಂದ ಭೂಮಿ ಒಡಲಲ್ಲಿ ಅಡಗಿಸಿಟ್ಟುಕೊಂಡಿದ್ದ ಇಂಗಾಲವನ್ನು ಕೆದಕಿ ಆಕಾಶಕ್ಕೆ ತೂರುವುದು. ಗಿಡದ್ದು ಹಾಗಲ್ಲ. ಅದು ಉಸಿರಾಟದಂತೆ: ಮಳೆಗಾಲದಲ್ಲಿ ಒಳಗೆಳೆದುಕೊಂಡದ್ದನ್ನು ಬೇಸಿಗೆಯಲ್ಲಿ ಹೊರಬಿಡುತ್ತದೆ, ಮರುಮಳೆಗೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಹವಾಮಾನ ನೀತಿಯ ಕಡತಗಳಲ್ಲಿ ಗಿಡಕ್ಕೆ ಮಣೆ ಹಾಕಿ ಕೂರಿಸಿರುವುದು ಇದಕ್ಕಾಗಿಯೇ. ಮಣೆ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ. ಪಂಕ್ತಿಯಲ್ಲಿ ಮೊದಲೇ ಕೂತಿದ್ದವರನ್ನು ಎಬ್ಬಿಸಿದವನು ನಾನು.

ಹೇಗೆಂದರೆ, ನಮೂನೆಯಲ್ಲಿ ‘ಸದ್ಯದ ಬಳಕೆ’ ಎಂಬೊಂದು ಅಂಕಣವಿತ್ತು. ನಮ್ಮ ಕಡೆ ಭತ್ತ ಗಂಗಾವತಿಯ ಗಿರಣಿಗೆ ಹೋದರೆ ಹೊಟ್ಟು ಅಲ್ಲೇ ಉಳಿದು ಅದೇ ಗಿರಣಿಯ ಬಾಯ್ಲರಿನಲ್ಲಿ ಉರಿಯುತ್ತದೆ. ಅದು ತನ್ನದೆಂದು ಹಿಂದೆ ಹೋದವರನ್ನು ನಾನು ಕಂಡಿಲ್ಲ. ಅದೇ ಗುಂಗಿನಲ್ಲಿ, ಹೊಲದ ತುಂಬ ಯಾರಿಗೂ ಬೇಡದಂತೆ ನಿಂತಿದ್ದ ಹತ್ತಿಕಟ್ಟಿಗೆಯನ್ನು ನೋಡಿ, ಬಳಕೆ ‘ಇಲ್ಲ’ ಎಂದು ದುಂಡಗೆ ಬರೆದೆ. ಇಲ್ಲಿಯ ರೂಢಿ ಬೇರೆ. ಹತ್ತಿಗಿಡ ಕೀಳುವುದಕ್ಕೆ ಕೂಲಿಯಿಲ್ಲ, ಕಿತ್ತವರದೇ ಕಟ್ಟಿಗೆ. ಗೌಡರ ಹೊಲ ಹಸನಾಗುತ್ತದೆ. ಕಿತ್ತ ಹೆಂಗಸರ ಹಿತ್ತಲಲ್ಲಿ ವರ್ಷದ ಉರುವಲು ಏರುತ್ತದೆ. ಇದಕ್ಕೆ ಕಾಗದವಿಲ್ಲ, ಕರಾರಿಲ್ಲ. ಕಾಗದವಿಲ್ಲದ್ದು ಕಾಗದದ ಮನುಷ್ಯನಿಗೆ ಕಾಣಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ದಡ್ಡನಾಗಿರುತ್ತಿದ್ದೆ. ಆಟೋದ ಮೈಕಿನಲ್ಲಿ ಸಾರಲು ‘ಜನ ನಂಬುವಂಥ ದನಿ’ ಬೇಕೆಂದು ಮ್ಯಾನೇಜರರು ಕೇಳಿದಾಗ ಜಾಣನೂ ಆದೆ. ಊರಿನ ಮುಕ್ಕಾಲು ಪಾಲು ಜನರಿಗೆ ಅಕ್ಷರ ತಿದ್ದಿಸಿ ನಿವೃತ್ತರಾದ ಅಡಿವೆಪ್ಪ ಮಾಸ್ತರರ ದನಿಯನ್ನು, ಕನ್ನಡಕ ಮೇಲೇರಿಸಲು ಅವರು ನಡುವೆ ನಿಲ್ಲುವ ಆ ನಿಲುಗಡೆಯ ಸಮೇತ, ಎತ್ತಿಕೊಂಡು ಗುಟ್ಟಾಗಿ ರೆಕಾರ್ಡು ಮಾಡಿಕೊಟ್ಟೆ. ಹೆಸರು ಹೇಳಲಿಲ್ಲ, ಹೇಳಬೇಕಾಗಲೂ ಇಲ್ಲ. “ನೋಡ್ರಪ್ಪಾ, ಹತ್ತಿಕಟಿಗಿ ಹೊಲದಾಗ ಸುಡಬ್ಯಾಡ್ರಿ. ಕಾರ್ಖಾನಿಗೆ ಕೊಡ್ರಿ. ನಿಮಗೂ ಛಲೋ, ಗಾಳಿಗೂ ಛಲೋ.” ಮಾಸ್ತರರ ಮಾತೆಂದು ಊರಿಗೂರೇ ತಲೆಯಾಡಿಸಿತು.

ವಾರದ ನಂತರ ನೀಲವ್ವ ಬಸನಗೌಡರ ಹೊಲಕ್ಕೆ ಹೋದವಳು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬರಿಗೈಲಿ ಬಂದಳು.

“ಗೌಡ್ರು ಈ ಸಲ ಎಲ್ಲಾ ಕಟಿಗಿ ಕಾರ್ಖಾನಿಗೆ ಅಂತ ಮಾತು ಕೊಟ್ಟಾರಂತ, ತಮ್ಮಾ. ಮಾಸ್ತರ್ರು ಹೇಳ್ಯಾರಂತಲ್ಲ, ಇನ್ನ ನಾ ಏನ್ ಅನ್ನೂದು?”

“ಗ್ಯಾಸ್ ಐತಲ್ಲವ್ವಾ,” ಎಂದೆ. ಆಡಿದ ಮೇಲೆ ನನಗೇ ನಾಚಿಕೆಯಾಯಿತು.

“ಗ್ಯಾಸಿನ ಮ್ಯಾಲ ಚಹಾ ಆಕ್ಕೈತಿ. ದಿನಾ ನೂರು ರೊಟ್ಟಿ ಬೇಯಿಸಿದ್ರ ಆ ಸಿಲಿಂಡರ್ ಎಷ್ಟ್ ದಿನ ಬರ್ತೈತಿ? ಹಿತ್ತಲದಾಗಿನ ಕಟಿಗಿ ಯುಗಾದಿ ಮಟಾ ಆಗಬೌದು. ಆಮ್ಯಾಲ ಖಾನಾವಳಿಯವರಿಗೆ ಬ್ಯಾರೆ ಯಾರನ್ನರ ನೋಡ್ಕೋರಿ ಅಂತ ಹೇಳೂದ.”

ಯಲಬುರ್ಗಾದ ಆ ಖಾನಾವಳಿಯ ರೊಟ್ಟಿಯೇ ಅವಳ ಬದುಕು. ಅದೇ ಕಟ್ಟಿಗೆ ಅವಳ ಒಲೆಯಲ್ಲಿ ಉರಿದರೆ ಹಿಂದುಳಿದ ಹೊಗೆ, ಬಾಯ್ಲರಿನಲ್ಲಿ ಉರಿದರೆ ಮುಂದುವರಿದ ಇಂಧನ ಎಂಬುದನ್ನು ಅವಳಿಗೆ ವಿವರಿಸುವ ಧೈರ್ಯ, ನಾನು ಬಲ್ಲ ಯಾವ ದನಿಗೂ ಬರಲಿಲ್ಲ. ಅವಳ ಕಣ್ಣು ಆ ಹೊಗೆಗೆ ಕೆಂಪಾಗಿರುವುದೂ ನಿಜ, ಬಾಯ್ಲರಿನಲ್ಲಿ ಅಷ್ಟು ಕಲ್ಲಿದ್ದಲು ಉಳಿಯುವುದೂ ನಿಜ. ಆದರೆ ಎರಡು ನಿಜಗಳನ್ನು ತಕ್ಕಡಿಗೆ ಹಾಕುವ ಮೊದಲು ಒಂದನ್ನು ‘ಇಲ್ಲ’ ಎಂದು ಬರೆದುಬಿಟ್ಟವನು ಯಾವ ಮುಖದಿಂದ ತೂಗಬೇಕು?

ಮ್ಯಾನೇಜರರಿಗೆ ಫೋನು ಮಾಡಿದೆ. ನಮೂನೆ ಮೇಲಕ್ಕೆ ಹೋಗಿಯಾಗಿದೆ, ಮೇಲಕ್ಕೆ ಹೋದದ್ದು ಕೆಳಕ್ಕೆ ಬರುವುದಿಲ್ಲ ಎಂದರು. ಮಳೆಯ ಬಗ್ಗೆ ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಸಂಜೆ, ದಿನವೂ ಅವರಿವರ ದನಿ ತೆಗೆದು ನಗಿಸುತ್ತಿದ್ದ ಗೌಡರ ಕಟ್ಟೆಗೆ ಹೋದೆ. ಏಳೆಂಟು ಜನ ಕೂತಿದ್ದರು. ಯಾರ ದನಿಯನ್ನೂ ಎರವಲು ಪಡೆಯದೆ ಮಾತಾಡಿದ್ದು ಅದೇ ಮೊದಲು.

“ಗೌಡ್ರ, ತಪ್ಪು ನಂದ ಐತ್ರಿ. ಕಟಿಗಿ ಯಾರೂ ಬಳಸೂದಿಲ್ಲ ಅಂತ ಬರದವ ನಾನ. ಒಂದೀಟು ಸಾಲು ಕಿತ್ತವರಿಗೆ ಬಿಡ್ರಿ.”

ಗೌಡರು ತೊಡೆ ತಟ್ಟಿ ನಕ್ಕರು.

“ಭಾಳ ಛಲೋ ಮಾಡಿದಿ! ಆ ಅಳುಮುಂಜಿ ಮಾರಿ ಸುದ್ದಾ ಹಂಗ ಐತಿ. ಯಾರದೋ ಇದು, ಸೊಸೈಟಿ ಸೆಕ್ರೆಟರಿದೇನ?”

“ಅಲ್ರಿ, ನಂದ.”

“ನಿಂದಾ? ನಿನಗ್ಯಾವ ದನಿ ಐತಲೇ!”

ಕಟ್ಟೆಗೆ ಕಟ್ಟೆಯೇ ನಕ್ಕಿತು. ರೂಢಿಯ ಬಲದಿಂದ ನಾನೂ ನಕ್ಕೆ. ಜನರ ನಡುವೆ ನಿಂತು ಒಂಟಿಯಾಗುವುದೆಂದರೇನೆಂದು ನೀವು ಕೇಳಿದರೆ ಆ ನಗುವನ್ನು ತೋರಿಸಬಲ್ಲೆ. ಖೋಲಿಗೆ ಬಂದು ಬಾಗಿಲು ಹಾಕಿಕೊಂಡು, ಒಮ್ಮೆ ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕರೆದು ನೋಡಿದೆ. ನವಲಿಯ ನನ್ನ ಸೋದರಮಾವ ಕರೆದಂತೆ ಕೇಳಿಸಿತು.

ಮರುದಿನ ಮಧ್ಯಾಹ್ನ ಆಟೋದವನು ಚಹಾಕ್ಕೆ ಇಳಿದಾಗ, ಬೇಲಿಜಾಲಿಯ ಮರೆಯಲ್ಲಿ ಕೂತು, ಆ ರೆಕಾರ್ಡಿನ ಕೊನೆಗೆ ಇನ್ನೊಂದಿಷ್ಟು ಸೇರಿಸಿದೆ, ಮಾಸ್ತರರ ದನಿಯಲ್ಲೇ, ಕನ್ನಡಕದ ನಿಲುಗಡೆಯೊಂದಿಗೆ: “ಇನ್ನೊಂದ್ ಮಾತ್ರಪ್ಪಾ. ಬದುವಿನ ಕಡೆ ಹತ್ತತ್ತು ಸಾಲು, ಕಿತ್ತವರಿಗೆ ಬಿಡ್ರಿ. ಅವರ ಒಲಿ ಆರಿಸಿ ಆಕಾಶ ತಂಪು ಮಾಡೂದು ಧರ್ಮ ಅಲ್ಲ.”

ಮೂರೇ ದಿನದಲ್ಲಿ ಊರ ಹೊಲಗಳ ಬದುವಿನಲ್ಲಿ ಹತ್ತತ್ತು ಸಾಲು ಉಳಿದವು. ಮಾಸ್ತರರ ಮಾತು ತಳ್ಳಿಹಾಕಲು ಬರುವುದಿಲ್ಲವೆಂದು ಬಸನಗೌಡರು ತಾವೇ ನಿಂತು ಅಳತೆ ಹಿಡಿದು ಸಾಲು ಉಳಿಸಿದರು. ಮಾಸ್ತರರು ಮಾತ್ರ ತಮ್ಮ ಪಡಸಾಲೆಯಲ್ಲಿ ಕೂತು, ಬಂದು ಕೈ ಮುಗಿದವರನ್ನೆಲ್ಲ ದಿಟ್ಟಿಸಿದರು. “ನಾ ಯಾವಾಗ ಅಂದೆ?” ಎಂದು ತುಸು ಹೊತ್ತು ಯೋಚಿಸಿ, “ಅಂದಿರಬೇಕ ಬಿಡು. ಅನ್ನೂವಂಥಾ ಮಾತ ಐತಿ,” ಎಂದರಂತೆ.

ಯಾರದೋ ದನಿ ಕದ್ದು ಮಾಡಿದ ತಪ್ಪನ್ನು ಅದೇ ಕಳವಿನಿಂದ ತೊಳೆದೆ. ನೀತಿಶಾಸ್ತ್ರದಲ್ಲಿ ಇದಕ್ಕೆ ಯಾವ ಅಂಕಣವಿದೆಯೋ ನಾನರಿಯೆ. ಇದ್ದರೂ ಈ ಸಲ ಅದನ್ನು ತುಂಬುವ ಅವಸರ ಮಾಡಲಾರೆ.

ನಿನ್ನೆ ಬೆಳಗ್ಗೆ ನೀಲವ್ವ ಹಸಿಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಹಿಡಿದು ನನ್ನ ಬಾಗಿಲ ಮುಂದೆ ಬಂದಳು. ನಾನು ಲಗುಬಗೆಯಿಂದ ಎದ್ದು ನಿಂತೆ.

“ಮಾಸ್ತರ್ರ ಮನಿಗೆ ಹೊಂಟೀನಿ,” ಎಂದಳು. “ನೀನೂ ಹಾಳಿ ಹಿಡ್ಕೊಂಡು ಊರೆಲ್ಲಾ ತಿರಗ್ತಿ ತಮ್ಮಾ, ಒಂದ ದಿನರ ನಮ್ಮ ಒಲಿ ಸುದ್ದಿ ಕೇಳಿದೇನು? ಆ ಹಿರ್ಯಾರನ್ನ ನೋಡಿ ಕಲಿ.”

“ಹೂಂನವ್ವಾ,” ಎಂದೆ, ನನ್ನದೇ ದನಿಯಲ್ಲಿ. ಅವಳು ಆಗಲೇ ಓಣಿಯ ತಿರುವು ದಾಟಿದ್ದಳು.