ಕಪ್ಪು ಚೌಕದ ಆಚೆಯ ಅಳು

ಅದು ೨೦೨೩ನೆಯ ಇಸವಿ. ಆಗ ನನಗೆ ಐವತ್ತಮೂರು ವರ್ಷ. ಗಂಟಲಿನ ತೊಂದರೆಯಿಂದಾಗಿ ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ಕೊಡಿಗೇನಹಳ್ಳಿಯ ಸ್ವಂತ ಮನೆಯಲ್ಲಿ ನೆಲೆಸಿದ್ದೆ. ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಹಿಂದಿನ ಬೀದಿಯ ಮನೆಯೊಂದಕ್ಕೆ ಹಾಡಹಗಲೇ ಹಿತ್ತಲ ಬಾಗಿಲಿನಿಂದ ಕಳ್ಳರು ನುಗ್ಗಿದರು. ಮನೆಯಾಕೆಯ ಕೊರಳಿನ ಸರ ಕಿತ್ತುಕೊಂಡು, ಅವಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಹೋದರು. ಇಲ್ಲಿಂದ ಹಿಂದೂಪುರದ ಬಸ್ಸು ಹತ್ತಿದರೆ ಸಾಕು, ಬೇರೆ ರಾಜ್ಯ, ಬೇರೆ ಪೊಲೀಸು. ಕಳ್ಳರು ಸಿಗಲಿಲ್ಲ. ಅಂದಿನಿಂದ ನಾನು ಊರಿನಲ್ಲಿಲ್ಲದ ದಿನ ನನ್ನ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಣಗಹಾಕುವುದನ್ನೇ ಬಿಟ್ಟಳು. ಒದ್ದೆ ಬಟ್ಟೆಯ ವಾಸನೆ ಮನೆಯೊಳಗೆ ತುಂಬಿಕೊಂಡಾಗ ಹಿತ್ತಲಿಗೆ ಕ್ಯಾಮೆರಾ ಹಾಕಿಸುವುದೆಂದು ನಿರ್ಧರಿಸಿದೆ.

ಮಧುಗಿರಿಯ ಅಂಗಡಿಯಾತ ಮೂರು ಬಗೆಯವನ್ನು ಮುಂದಿಟ್ಟ. ಒಂದು ಉದ್ದನೆಯ ಕೊಳವೆಯಂಥದು. ಒಂದು ತಾನೇ ಸುತ್ತ ತಿರುಗುವಂಥದು. ಇನ್ನೊಂದು ಕಪ್ಪು ಗಾಜಿನ ಬುರುಡೆಯಂಥದು. ತಿರುಗುವುದು ಪಕ್ಕದವರ ಮನೆಯನ್ನೂ ನೋಡುತ್ತದೆಂದು ನಾನೇ ಬೇಡವೆಂದೆ. ಬುರುಡೆಯದನ್ನು ಆತ ಹೊಗಳಿದ: “ಇದ್ರೊಳಗೆ ಕಣ್ಣು ಯಾವ ಕಡೀಕೈತೆ ಅಂತ ಹೊರಗಿನವ್ರಿಗೆ ಗೊತ್ತಾಗಲ್ಲ ಸಾರ್. ಕಳ್ಳ ಅಲ್ಲೇ ಕಂಗಾಲು.” ಆ ಗುಣವನ್ನು ಮೆಚ್ಚಿಯೇ ಅದನ್ನು ಕೊಂಡೆ. ಅಳವಡಿಸುವಾಗ, ಪಕ್ಕದ ಹಿತ್ತಲು ಕಾಣುವ ಭಾಗವನ್ನು ಮುಚ್ಚಬೇಕೆಂದು ಪಟ್ಟುಹಿಡಿದೆ. ಆತ ಮೊಬೈಲಿನಲ್ಲಿ ಏನೋ ಒತ್ತಿದ. ಚಿತ್ರದ ಎಡಭಾಗದಲ್ಲಿ ಒಂದು ಕಪ್ಪು ಚೌಕ ಬಂದು ಕುಳಿತಿತು. ಹಿತ್ತಲ ಬಾಗಿಲನ್ನು ಯಾರಾದರೂ ಒಡೆದರೆ ತಿಳಿಯಲೆಂದು ಧ್ವನಿಯನ್ನೂ ಇರಿಸಿದ.

ಪಕ್ಕದ ಮನೆಯಲ್ಲಿ ವಿಧವೆಯಾದ ಹಿರಿಯ ಹೆಂಗಸೊಬ್ಬರಿದ್ದರು. ಪಾವಗಡದ ಕಡೆಗೆ ಕೊಟ್ಟಿದ್ದ ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡುಮಗುವನ್ನು ಹೆತ್ತಿದ್ದಳು. ಅವರ ಬಚ್ಚಲು ಹಿತ್ತಲಿನಲ್ಲಿದೆ: ಎದೆಯೆತ್ತರದ ಗೋಡೆ, ಮೇಲೆ ಸೂರಿಲ್ಲ. ಬಾಣಂತಿಗೆ ಹಂಡೆಯ ನೀರು ಹುಯ್ದು, ಬಳಿಕ ಬಾಣಲೆಯಲ್ಲಿ ಕೆಂಡವಿಟ್ಟು, ಸಾಂಬ್ರಾಣಿ ಹಾಕಿ ತಲೆಗೂದಲಿಗೆ ಹೊಗೆ ಹಿಡಿಸುವುದು ಅಲ್ಲೇ.

ಕ್ಯಾಮೆರಾ ಹಾಕಿಸಿದ ಮಾರನೆಯ ದಿನ ಬಾಣಂತಿಯ ತಾಯಿ ಗೋಡೆಯ ಬಳಿ ಬಂದರು.

“ಮೇಷ್ಟ್ರೇ, ಆ ಕರೀ ಬುರುಡೆ ಯಾವ ಕಡೀಕ್ ನೋಡ್ತೈತೆ?”

“ನಮ್ಮ ಹಿತ್ತಲ ಬಾಗಿಲಿನ ಕಡೆಗಮ್ಮ.”

“ನಂಗೇನೋ ನಮ್ ಬಚ್ಚಲನ್ನೇ ನೋಡ್ದಂಗೈತೆ. ನಿಮ್ ಇಸ್ಕೂಲ್ ಹುಡುಗ್ರೂ ಇಂಗೇ ಅಂತಿದ್ವು. ಮೇಷ್ಟ್ರು ಬೋರ್ಡ್ ಕಡೆ ತಿರುಗಿದ್ರೂ ನಮ್ಮನ್ನೇ ನೋಡ್ತಿರ್ತಾರೆ ಅಂತ.”

ನಾನು ನಕ್ಕು ಮೊಬೈಲನ್ನು ತೋರಿಸಿದೆ. ಅವರು ಕಪ್ಪು ಚೌಕದ ಮೇಲೆ ಬೆರಳಿಟ್ಟರು. “ಈಗ ಮುಚ್ಚಿದ್ದೀರ, ಸರಿ. ನಾನ್ ಅತ್ಲಾಗ್ ಹೋದ್ಮೇಲೆ ತೆಗೆದ್ರೆ ನಂಗೆಂಗ್ ಗೊತ್ತಾಗ್ಬೇಕು?”

ತೆಗೆಯುವುದಿಲ್ಲವೆಂದೆ. ಅದು ನಿಜವಾದ ಮಾತು. ನಿಜವಾದ ಮಾತು ಸಾಕೆಂದು ನಾನು ಭಾವಿಸಿದ್ದೆ. ಅವರು ಕೇಳಿದ್ದು ನೋಟದ ಬಗೆಗೆ. ನಾನು ಉತ್ತರಿಸಿದ್ದೂ ಅಷ್ಟಕ್ಕೇ. ಸಂಜೆಯೊಳಗೆ ಅವರ ಬಚ್ಚಲಿನ ಮೇಲೆ ನೀಲಿ ಟಾರ್ಪಾಲು ಬಂತು. ನಾಲ್ಕೂ ಕಡೆ ಇಳಿಬಿಟ್ಟು, ಸಂದಿಲ್ಲದಂತೆ ಹಗ್ಗದಿಂದ ಬಿಗಿದಿದ್ದರು. ನನಗೆ ಅವಮಾನವಾಯಿತೇ ಹೊರತು ಬೇರೇನೂ ಹೊಳೆಯಲಿಲ್ಲ.

ಧನುರ್ಮಾಸದ ಚಳಿ. ಪಿಂಚಣಿಯ ಕೆಲಸಕ್ಕೆಂದು ಮಧುಗಿರಿಗೆ ಹೋಗಿದ್ದವನು ಬಸ್‌ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಅಭ್ಯಾಸದಂತೆ ಮೊಬೈಲನ್ನು ತೆರೆದೆ. ನಮ್ಮ ಹಿತ್ತಲು ಖಾಲಿ. ಬಾಗಿಲು ಮುಚ್ಚಿದೆ. ಎಡಕ್ಕೆ ಕಪ್ಪು ಚೌಕ. ಅದರಾಚೆಯಿಂದ ಮಗುವಿನ ಅಳು ಬರುತ್ತಿತ್ತು.

ಮಗು ಅಳುವುದು ಸಹಜ. ಆದರೆ ಸಮಾಧಾನಪಡಿಸುವ ದನಿ ಕೇಳಿಸಲಿಲ್ಲ. ಆ ಹೊತ್ತಿಗೆ ಅಜ್ಜಿ ಡೈರಿಗೆ ಹಾಲು ಹಾಕಲು ಹೋಗುತ್ತಾರೆ. ಬಾಣಂತಿ ಮಾತ್ರ ಅಲ್ಲೇ ಇರಬೇಕು. ಅಳು ಮುಂದುವರಿಯಿತು. ಕಪ್ಪು ಚೌಕದ ಅಂಚಿನಿಂದ ತೆಳ್ಳನೆಯ ಹೊಗೆಯ ಎಳೆಯೊಂದು ಹೊರಟು ನಮ್ಮ ಬಟ್ಟೆಯ ತಂತಿಯ ಮೇಲೆ ಹಾದುಹೋಯಿತು. ಟಾರ್ಪಾಲು, ಕೆಂಡದ ಬಾಣಲೆ, ಬಿಗಿದ ಹಗ್ಗ: ಮೂರೂ ಒಟ್ಟಿಗೆ ಕಣ್ಣಮುಂದೆ ಬಂದವು. ಅಷ್ಟರಲ್ಲಿ ಅಳು ಸಣ್ಣದಾಗತೊಡಗಿತ್ತು.

ಹೆಂಡತಿಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದಾಗ ಮಿಕ್ಸಿಯ ಸದ್ದಿನ ನಡುವೆ ಅವಳ ದನಿ ಬಂತು.

“ಗೋಡೆ ಹತ್ತಿ ಪಕ್ಕದ ಬಚ್ಚಲಿಗೆ ಹೋಗು. ಟಾರ್ಪಾಲು ಕೀಳು.”

“ಏನಾಯ್ತ್ರೀ? ನೀವ್ ಎಲ್ಲಿದ್ದೀರ?”

“ಮೊದಲು ಹೋಗು.”

ಪರದೆಯ ಮೇಲೆ ನಮ್ಮ ಬಾಗಿಲು ತೆರೆಯಿತು. ಅವಳು ಸ್ಟೂಲನ್ನು ಎಳೆತಂದು ಗೋಡೆಯ ಪಕ್ಕ ಇಟ್ಟು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಹತ್ತಿದಳು. ಒಂದು ಕಾಲನ್ನು ಆಚೆ ಹಾಕಿದಳು. ಕಪ್ಪು ಚೌಕದೊಳಗೆ ಮಾಯವಾದಳು. ಆಮೇಲೆ ಅಳು ನಿಂತಿತು. ಏನೂ ಕಾಣಿಸದು, ಏನೂ ಕೇಳಿಸದು. ನಾನೇ ಹಾಕಿಸಿದ ಆ ಕಪ್ಪನ್ನು ಬೆರಳಿನಿಂದ ಉಜ್ಜುತ್ತಿದ್ದೆನೆಂಬುದು, ಪಕ್ಕದಲ್ಲಿದ್ದವರು ನನ್ನನ್ನೇ ನೋಡುತ್ತಿದ್ದಾಗ ಅರಿವಿಗೆ ಬಂತು. ಆ ಮೌನದಷ್ಟು ಭಯ ನನ್ನ ಜೀವಮಾನದಲ್ಲಿ ಇನ್ನಾವುದರಿಂದಲೂ ಆಗಿಲ್ಲ.

ಕೊನೆಗೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಹೆಂಡತಿಯ ಕೂಗು: “ಯಾರಾದ್ರೂ ಬನ್ರೋ.” ಆಮೇಲೆ ಮಗು, ಈ ಸಲ ಗಟ್ಟಿಯಾಗಿ.

ಬಾಣಂತಿ ಗೋಡೆಗೊರಗಿ ಪ್ರಜ್ಞೆ ತಪ್ಪಿದ್ದಳು. ಮಗು ಪಕ್ಕದ ಮೊರದಲ್ಲಿತ್ತು. ಕಣ್ಣಿಗೆ ಕಾಣುವ ಹೊಗೆಗಿಂತ ಕೆಂಡದಿಂದೇಳುವ ಕಾಣದ ಗಾಳಿಯೇ ವಿಷವೆಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಇಬ್ಬರೂ ಉಳಿದರು.

ಮನೆಗೆ ಮರಳಿದ ಮೇಲೆ ಬಾಣಂತಿಯ ತಾಯಿ ನಮ್ಮಲ್ಲಿಗೆ ಬಂದು ಕೈಮುಗಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು: “ಮಗ ಅಳೋದು ಮಧುಗಿರೀಲಿದ್ದ ನಿಮ್ಗೆ ಹೆಂಗ್ ಕೇಳಿಸ್ತು ಮೇಷ್ಟ್ರೇ?”

“ಅದರಲ್ಲಿ ಧ್ವನಿಯೂ ಬರುತ್ತದೆ.”

“ಹಂಗಾರೆ ನಾವ್ ಆಡಿದ್ ಮಾತೆಲ್ಲ?”

“ನಾನು ಕೇಳಿಸಿಕೊಂಡಿಲ್ಲಮ್ಮ.”

“ಕೇಳ್ಬೌದಿತ್ತು.” ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ಮಗಳ ಅತ್ತೆ ಮನೆ ವಿಚಾರ, ಅವಳ ಮೈ ವಿಚಾರ, ಎಲ್ಲಾ ಆ ಬಚ್ಚಲಾಗೇ ಆಡೋದು ಕಣಪ್ಪ ನಾವು.”

ಅವರು ಹೋದ ಮೇಲೆ ಧ್ವನಿಯನ್ನು ತೆಗೆಸುತ್ತೇನೆಂದೆ. ಹೆಂಡತಿ ನನ್ನತ್ತ ನೋಡದೆಯೇ, “ಅವತ್ತು ಆ ಸದ್ದು ಇಲ್ದಿದ್ರೆ?” ಎಂದಳು.

ಬುರುಡೆಯನ್ನು ತೆಗೆಸಿ ಕೊಳವೆಯಂಥದನ್ನು ಹಾಕಿಸಿದೆ. ಅದರ ಮೂತಿ ಎತ್ತ ತಿರುಗಿದೆಯೆಂದು ಓದುಬರಹ ಬಾರದವರಿಗೂ ಕಾಣುತ್ತದೆ. ಪಕ್ಕಕ್ಕೆ ತಗಡಿನ ಮರೆ ಕಟ್ಟಿಸಿ, ಧ್ವನಿಯಿಲ್ಲದ್ದನ್ನೇ ಕೇಳಿ ತಂದೆ. ಬಾಣಂತಿ ಮಗುವನ್ನೆತ್ತಿಕೊಂಡು ಬಚ್ಚಲಿನ ಮೂಲೆಮೂಲೆಯಲ್ಲಿ ನಿಂತಳು. ನನ್ನ ಮೊಬೈಲು ಹಿಡಿದ ಅವಳ ತಾಯಿ ಪ್ರತಿ ಸಲವೂ, “ಕಾಣ್ತಿಲ್ಲ ಕಣಮ್ಮ, ಅತ್ಲಾಗ್ ನಿಂತ್ಕೋ,” ಎಂದರು. ಬಳಿಕ ನನ್ನ ಹೆಂಡತಿಯೂ ಬಾಣಂತಿಯ ತಾಯಿಯೂ ಸೇರಿ ಗೋಡೆಯ ಎರಡೂ ಮಗ್ಗುಲಿಗೆ ಹತ್ತಲು ಒಂದೊಂದು ಕಲ್ಲನ್ನು ಉರುಳಿಸಿ ನಿಲ್ಲಿಸಿದರು. ಕೂಗು ಕೇಳಿದ ಕೂಡಲೇ ಯಾರಾದರೂ ದಾಟಬೇಕೆಂಬ ಒಪ್ಪಂದವದು. ಈಗಲೂ ಊರಾಚೆ ಇದ್ದಾಗ ಸದ್ದಿಲ್ಲದ ಆ ಚಿತ್ರವನ್ನು ತೆರೆದು, ಕೇಳಿಸದೆಂದು ತಿಳಿದೂ ಮೊಬೈಲನ್ನು ಕಿವಿಗೆ ಹಿಡಿಯುತ್ತೇನೆ.

ಪಕ್ಕದ ಮನೆಯವರು ನೀಲಿ ಟಾರ್ಪಾಲಿನ ಉಳಿದ ಹಗ್ಗಗಳನ್ನೂ ಬಿಚ್ಚಿ, ಅದನ್ನು ಮಡಿಸಿ ಒಳಗೆ ತೆಗೆದುಕೊಂಡುಹೋದದ್ದು ೨೦೨೪ನೆಯ ಜನವರಿ ೨೯, ಸೋಮವಾರ.