ರೇಂಜ್ ಇದ್ದಲ್ಲೇ ವಸ್ತಿ

ನಮ್ಮ ಅತ್ತಿಯ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೂದಲು ತೆಳುವಾದ ಒಂದು ಗೆರೆಯಿತ್ತು. ಎಣ್ಣೆ ಹಚ್ಚಿ ಬಾಚಿದ ದಿನ ಅದು ಎದ್ದು ಕಾಣುತ್ತಿತ್ತು. ಗೋಕಾಕದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಕೆ ಆಪರೇಟರ್ ಆಗಿದ್ದಳು. ಹೆಡ್‌ಫೋನಿನ ಪಟ್ಟಿ ವರ್ಷಗಟ್ಟಲೆ ಕೂತು ಕೂತು ಆದ ಗೆರೆ ಅದು. ನೌಕರಿ ಮುಗಿದು ಎಷ್ಟೋ ಕಾಲವಾದರೂ ಅಲ್ಲಿ ಕೂದಲು ಮತ್ತೆ ದಟ್ಟವಾಗಲೇ ಇಲ್ಲ.

ಆಕೆ ನನ್ನ ಅಪ್ಪನ ಅಕ್ಕ. ನಾನು ಕಂಡವರಲ್ಲೆಲ್ಲ ಅಂಥ ಅಂಜುಬುರುಕಿ ಇನ್ನೊಬ್ಬಳಿಲ್ಲ. ಹಲ್ಲಿಗೆ ಅಂಜುತ್ತಿದ್ದಳು, ಗ್ಯಾಸಿನ ಸಿಲಿಂಡರಿಗೆ ಅಂಜುತ್ತಿದ್ದಳು, ಒಳಗಿನಿಂದ ಚಿಲಕ ಹಾಕಿದ ಬಚ್ಚಲಿಗೆ ಅಂಜುತ್ತಿದ್ದಳು. ದೂರದಲ್ಲಿ ಗುಡುಗಿದರೆ ಸಾಕು, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ನಮ್ಮ ತಲೆ ಎಣಿಸುತ್ತಿದ್ದಳು. ಆದರೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ ಒಂದಿತ್ತು: ಹೊರಗೆ ಹೋದವರು ಫೋನಿಗೆ ಸಿಗದೆ ಹೋಗುವುದು. ‘ಫೋನ್ ಹತ್ತವಲ್ದು’ ಎಂದು ಆಕೆ ಹೇಳುವಾಗ ಮುಖ ಬಿಳಿಚಿಕೊಳ್ಳುತ್ತಿತ್ತು. ಯಾರ ಮನೆಯ ಕೆಟ್ಟ ಸುದ್ದಿ ಯಾರಿಗೆ ಎಷ್ಟು ತಡವಾಗಿ ಮುಟ್ಟಿತು ಎಂಬುದನ್ನು ಆ ಕುರ್ಚಿಯ ಮೇಲೆ ಕೂತು ಕೇಳಿದವಳಲ್ಲವೇ. ನಾವು ಹುಡುಗರು ಮಾತ್ರ ಇದನ್ನೆಲ್ಲ ತಿಳಿಯದೆ ಹಲ್ಲಿಯ ಹೆಸರು ಹೇಳಿ ಆಕೆಯನ್ನು ಕುಣಿಸುತ್ತಿದ್ದೆವು.

ಇಂಥವಳಿಗೆ ಸಿಕ್ಕ ಗಂಡ ತಿರುಗಾಟದ ಹುಚ್ಚಿನವರು. ಮಾವ ಸಂಕೇಶ್ವರದಲ್ಲಿ ಹೈವೇ ಬಾಜೂಕ್ಕೆ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜು ಇಟ್ಟಿದ್ದರು. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ, ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಹಣ್ಣಾಗಿದ್ದ ಒಂದು ಟೆಂಪೊ ತಂದರು. ಸೀಟು ಕಿತ್ತು ಒಳಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿದರು. ಮೇಲೆ ಸೋಲಾರ್ ಹಾಕಿದರು. ಪೇಟೆಯವರು ಕ್ಯಾಂಪರ್ ವ್ಯಾನ್ ಎನ್ನುವುದನ್ನು ನಮ್ಮ ಓಣಿಯವರು ಮನಿಗಾಡಿ ಎಂದು ಕರೆದರು. ಹೊಳೆ ದಂಡೆ, ಗುಡ್ಡದ ಬುಡ, ತೋಟದ ನೆರಳು, ಎಲ್ಲಿ ಬೇಕಾದರೂ ಹೋಗಿ ನಾಲ್ಕು ದಿನ ಇದ್ದು ಬರುವುದು ಮಾವನ ಕನಸು. ಅತ್ತಿ ಅಳುಮುಖ ಮಾಡಿ ಒಪ್ಪಿಕೊಂಡಳು, ಒಂದು ಕರಾರಿನ ಮೇಲೆ.

“ರೇಂಜ್ ಇದ್ದಲ್ಲೇ ವಸ್ತಿ. ಇಲ್ಲಂದ್ರ ನೀವೊಬ್ರ ಹೋಗ್ರಿ.”

ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವವಳು. ನೆಟ್ ಇದ್ದರೆ ಗುಡ್ಡದ ತುದಿಯಲ್ಲೂ ನನ್ನ ಪಾಠ ನಡೆಯುತ್ತದೆ, ನಡುವೆ ಕಡಿಯಿತೆಂದರೆ ತಾಯಂದಿರ ಫೋನುಗಳು ಶುರುವಾಗುತ್ತವೆ. ಹೀಗಾಗಿ ನಾನು ಮನಿಗಾಡಿ ಹತ್ತಿದಾಗೆಲ್ಲ ಅತ್ತಿಯ ಅಂಜಿಕೆಯಿಂದ ನನ್ನ ಪಗಾರ ಉಳಿಯುತ್ತಿತ್ತು ಎನ್ನಬೇಕು.

ಆಕೆ ಜಾಗ ಹಿಡಿಯುವ ಪರಿಯನ್ನು ನೋಡಬೇಕಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ಹೊತ್ತು ತೆಗೆದುಕೊಳ್ಳಲಿಕ್ಕಿಲ್ಲ. ಎರಡು ಕಂಪನಿಗಳ ಸಿಮ್ಮು, ಎರಡೂ ಫೋನು ಎರಡು ಕೈಯಲ್ಲಿ. ಮಾವ ಎತ್ತಿನಗಾಡಿಯ ವೇಗದಲ್ಲಿ ಟೆಂಪೊ ಬಿಡಬೇಕು, ಆಕೆ ಕಿಟಕಿಯಿಂದ ಕೈ ಹೊರಗೆ ಚಾಚಿ ಕೂತಿರಬೇಕು. ಪರದೆಯ ಮೇಲಿನ ಕಡ್ಡಿಗಳನ್ನು ಆಕೆ ನಂಬುತ್ತಿರಲಿಲ್ಲ. ಕಡ್ಡಿ ತುಂಬ ಇದ್ದರೂ ಯಾರಿಗಾದರೂ ಫೋನ್ ಹಚ್ಚಿ, ಮಾತು ಹೋಯಿತು, ತಿರುಗಿ ಬಂತು ಎಂದು ಖಾತ್ರಿಯಾದ ಮೇಲೆಯೇ ಗಾಡಿ ನಿಲ್ಲಬೇಕು. ತಗಡಿನ ಡಬ್ಬಿಯಲ್ಲಿ ಕೂತವರಿಗೆ ರೇಂಜ್ ಎಲ್ಲಿಂದ ಬಂದೀತು ಎಂದು ಮಾವನಿಂದ ಒಂದು ಬಿದಿರಿನ ಗಳ ಕಟ್ಟಿಸಿ, ಅದರ ತುದಿಗೆ ಆಂಟೆನಾ ಏರಿಸಿ, ವಾಯರನ್ನು ಒಳಗಿನ ರೌಟರಿಗೆ ಎಳೆಸಿದ್ದಳು. ಮೂಡಲಗಿ ಕಡೆಯ ಬಯಲಿನಲ್ಲಿ ರೇಂಜ್ ಸಿಗುತ್ತದೆ, ಆದರೆ ಸಂಜೆ ಊರವರೆಲ್ಲ ಮೊಬೈಲ್ ಹಿಡಿದು ಕೂತಾಗ ನೆಟ್ ತೆವಳುತ್ತದೆ. ಗೋಕಾಕದ ಬಂಡೆಗಳ ಮರೆಯಲ್ಲಿ ಏನೂ ಇಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಹಳ್ಳಿಯ ಟವರೂ ಮಲಗುತ್ತದೆ. ಅದಕ್ಕೇ ಹೊಸ ಊರಿನಲ್ಲಿ ಆಕೆ ಕೇಳುವ ಮೊದಲ ಪ್ರಶ್ನೆ, ನೀರು ಎಲ್ಲಿ ಸಿಗುತ್ತದೆ ಎಂಬುದಲ್ಲ, ಕರೆಂಟು ಎಷ್ಟೊತ್ತಿಗೆ ಹೋಗುತ್ತದೆ ಎಂಬುದು.

ಎರಡನೆಯ ಕೆಲಸ ಊರಿನ ವಾಟ್ಸಾಪ್ ಗುಂಪಿಗೆ ಸೇರುವುದು. ಪಕ್ಕದ ಹೊಲದವರನ್ನು ಮಾತಾಡಿಸಿ, ಚಹಾ ಕುಡಿಸಿ, ನನ್ನ ನಂಬರೂ ಹಾಕ್ರಿ ಎಂದು ಗಂಟುಬೀಳುತ್ತಿದ್ದಳು. ಹೀಗೆ ಆಕೆ ಕೊಣ್ಣೂರಿನಲ್ಲಿ ಎಮ್ಮೆ ಕಳೆದದ್ದನ್ನೂ ಹುಕ್ಕೇರಿಯಲ್ಲಿ ಯಾರದೋ ಮದುವೆ ಗೊತ್ತುಮಾಡುವ ಶಾಲು ಶಾಸ್ತ್ರ ಮುಂದೆ ಹೋದದ್ದನ್ನೂ ಓದುತ್ತ ಕೂತಿರುತ್ತಿದ್ದಳು. ಆ ಊರು ಬಿಟ್ಟು ಬಂದರೂ ಗುಂಪು ಬಿಡುತ್ತಿರಲಿಲ್ಲ. ಮಾವ ನಗುತ್ತಿದ್ದರು, ಇವಳು ಎಲೆಕ್ಷನ್ನಿಗೆ ನಿಂತರೆ ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ತಾಲೂಕಿನಲ್ಲಿ ಗೆಲ್ಲುತ್ತಾಳೆ ಎಂದು.

ನನ್ನ ಪಾಠಕ್ಕೂ ಆಕೆ ಬರುತ್ತಿದ್ದಳು. ಲೈನ್ ಸರಿ ಇದೆಯೋ ನೋಡುತ್ತೇನೆ ಎಂದು ತನ್ನ ಫೋನಿನಿಂದ ಸೇರಿಕೊಂಡು, ದನಿ ಮುಚ್ಚಿಟ್ಟು, ಮೂಲೆಯಲ್ಲಿ ಕೇಳುತ್ತಿದ್ದಳು. ಮಕ್ಕಳಿಗೆ ಅಭ್ಯಾಸವಾಗಿ ‘ಅಜ್ಜಿ ಬಂದ್ರು’ ಎನ್ನುತ್ತಿದ್ದವು. ಒಮ್ಮೆ ನಾನು, ನಡುವೆ ಬಾಯಿಗೀಯಿ ಹಾಕೀಯಾ ಎಂದು ರೇಗಿಸಿದಾಗ ಆಕೆ ಹಳೆಯದನ್ನು ನೆನೆದಳು. ಇಬ್ಬರು ಮಾತಾಡುತ್ತಿರುವ ಲೈನಿನಲ್ಲಿ ಹೊಕ್ಕು, ಅರ್ಜೆಂಟ್ ಕಾಲ್ ಬಂದಿದೆ ಎಂದು ಹೇಳುವ ಅಧಿಕಾರ ಆಗ ಆಪರೇಟರಿಗೆ ಇತ್ತಂತೆ. ಬೆಲ್ಲದ ದರ ಮಾತಾಡುತ್ತಿದ್ದ ವ್ಯಾಪಾರಸ್ಥರು ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ. ಬೈಯಲಿ, ಆದರೆ ಹೇಳುವವಳ ದನಿಯಲ್ಲಿ ಗಾಬರಿ ಇರಬಾರದು. ಗಾಬರಿ ಕೇಳಿದರೆ ಆ ಕಡೆಯವರಿಗೆ ಮಾತು ಕೇಳುವುದಿಲ್ಲ ಎಂದಿದ್ದಳು. ನಾನು ಹೂಂ ಎಂದು ಉತ್ತರಪತ್ರಿಕೆ ತಿದ್ದುತ್ತ ಕೂತೆ.

ಒಂದು ಬೇಸಿಗೆಯಲ್ಲಿ ನಾವು ಘಟಪ್ರಭಾ ಹೊಳೆಯ ದಂಡೆಗೆ, ಹುಕ್ಕೇರಿ ತಾಲೂಕಿನ ಬದಿಗೆ ಗಾಡಿ ಹಚ್ಚಿದ್ದೆವು. ಹೊಳೆ ಒಣಗಿ ಅಲ್ಲಲ್ಲಿ ಮಡು ನಿಂತಿತ್ತು. ರೈತರು ಮಡುವಿನ ಬದಿಗೆ ಮೋಟರು ಕೂಡಿಸಿ ಕಬ್ಬಿಗೆ ನೀರು ಎತ್ತುತ್ತಿದ್ದರು. ಒಂದು ದಿನ ಆಂಟೆನಾದ ವಾಯರು ಕೆಟ್ಟು ಗಾಡಿಯಲ್ಲಿ ನೆಟ್ ಜೀವ ಹಿಡಿದುಕೊಂಡಿತ್ತು; ಮೆಸೇಜು ಬರುತ್ತಿತ್ತು, ಮಾತು ಹೇಗೋ ಹೋಗುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಹೊಳೆಯ ನಡುವೆ ಇದ್ದ ಹಾಸುಬಂಡೆಯ ಮೇಲೆ ಮಾತ್ರ ಎದುರಿನ ಟವರು ನೇರ ಸಿಗುತ್ತಿತ್ತು. ಅಲ್ಲಿಗೆ ಹೋಗುತ್ತೇನೆ ಎಂದಾಗ ಅತ್ತಿ ಬೇಡವೆಂದಳು. ಆಕೆ ಎಲ್ಲದಕ್ಕೂ ಬೇಡ ಎನ್ನುವವಳೇ. ಮಾವ ವಾಯರು ತರಲು ಯಾರದೋ ಬೈಕ್ ಕೇಳಿಕೊಂಡು ಹುಕ್ಕೇರಿಗೆ ಹೋದರು. ನಾನು ಒಣ ಉಸುಕಿನ ಮೇಲೆ ನಡೆದು ಬಂಡೆ ಹತ್ತಿದೆ.

ಗಾಡಿಗೆ ಬೆನ್ನು ಮಾಡಿ, ಬಿಸಿಲಿಗೆ ಛತ್ರಿ ಒರಗಿಸಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿ ಪಾಠ ಶುರು ಮಾಡಿದೆ. ಮಾತಿಗೆಂದು ಫೋನಿನಲ್ಲಿ ಪಾಠ ತೆರೆದು, ಅದರಿಂದಲೇ ಬರೆದು ತೋರಿಸುವ ಲ್ಯಾಪ್‌ಟಾಪಿಗೂ ನೆಟ್ ಕೊಟ್ಟಿದ್ದೆ. ಕಾಲ್ ಬಂದರೆ ನೆಟ್ ಕಡಿಯುತ್ತದೆಂದು ಯಾವ ಕಾಲೂ ಒಳಗೆ ಬಾರದ ಹಾಗೆ ಮಾಡಿಟ್ಟಿದ್ದೆ. ಒಟ್ಟಿನಲ್ಲಿ ದೂರದ ಊರುಗಳ ಮಕ್ಕಳಿಗೆಲ್ಲ ನಾನು ಸಿಗುತ್ತಿದ್ದೆ, ಕೂಗಳತೆಯ ಅತ್ತಿಗೆ ಸಿಗುತ್ತಿರಲಿಲ್ಲ.

ಮುಂದಿನದನ್ನು ಆಕೆ ಆಮೇಲೆ ಹೇಳಿದ್ದು. ಊರ ಗುಂಪಿನಲ್ಲಿ ಮೆಸೇಜು ಬಂತು: ಮೇಲಿನ ಡ್ಯಾಮಿನಿಂದ ನೀರು ಬಿಟ್ಟಾರ, ಮೋಟರ್ ಮ್ಯಾಲ ತಗೊಳ್ರಿ. ಟವರು ನಡುವೆ ಮಲಗಿತ್ತೋ ಏನೋ, ಅದು ಹೊತ್ತುಮೀರಿ ಬಂದ ಮೆಸೇಜು. ಆಕೆ ತಲೆ ಎತ್ತಿ ನೋಡಿದರೆ ಮಡುವಿನ ಬದಿಗೆ ಒಂದು ಮೋಟರೂ ಇರಲಿಲ್ಲ, ಎಲ್ಲ ಎಳೆದುಕೊಂಡು ಹೋಗಿ ಆಗಿತ್ತು. ದಂಡೆಗೂ ಬಂಡೆಗೂ ನಡುವಿನ ತಗ್ಗಿನಲ್ಲಿ, ನಾನು ನಡೆದು ಬಂದ ಉಸುಕಿನ ಮೇಲೆ, ಕೆಂಪು ನೀರು ಸದ್ದಿಲ್ಲದೆ ಹರಡುತ್ತಿತ್ತು. ಕೂಗಿದಳು, ಗಾಳಿ ಎದುರಿಗಿತ್ತು. ಫೋನ್ ಹಚ್ಚಿದಳು, ಹತ್ತಲಿಲ್ಲ. ಆಗ ನನ್ನ ಪಾಠದ ಕೊಂಡಿ ಒತ್ತಿದಳು. ಅದು ಕೂಡಿಕೊಳ್ಳುವ ತನಕ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತಂತೆ, ಕೆಳಗೆ ನೀರು ಏರುತ್ತಿತ್ತಂತೆ.

ನನಗೆ ಕೇಳಿದ್ದು, ಬ್ಯಾಂಕಿನಲ್ಲಿ ಟೋಕನ್ ಕರೆಯುವವರ ಹಾಗೆ ಸಪಾಟಾದ ಒಂದು ದನಿ.

“ಮಕ್ಕಳ, ನಡುವ ಬಂದೇನಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಟೀಚರಿಗೆ ಅರ್ಜೆಂಟ್ ಕಾಲ್ ಐತಿ.” ಆಮೇಲೆ ನನಗೆ: “ಫೋನ್ ಅಷ್ಟ ತಗೊಂಡು ಏಳು. ಹೊಳ್ಳಿ ನೋಡಬ್ಯಾಡ. ಎದರಿನ ದಂಡಿಗೆ ನಡಿ. ಓಡಬ್ಯಾಡ, ಕಲ್ಲ ನೋಡಿ ಕಾಲಿಡು.”

ನೀರು ಬಂತು ಎಂದು ಆಕೆ ಹೇಳಲಿಲ್ಲ. ಹೇಳಿದ್ದರೆ ನಾನು ತಿರುಗಿ ನೋಡುತ್ತಿದ್ದೆ, ನೋಡಿದ್ದರೆ ಗಾಡಿಯ ಕಡೆಗೆ, ಆಕೆಯ ಕಡೆಗೆ ಓಡುತ್ತಿದ್ದೆ. ಗಾಬರಿಯಾದ ಮನುಷ್ಯ ತನ್ನವರ ಕಡೆಗೇ ಓಡುವುದು. ಆ ತಗ್ಗಿನಲ್ಲಿ ಆಗಲೇ ಆಳ ನೀರಿತ್ತು. ಎದುರಿನ ದಂಡೆಗೆ, ಗೋಕಾಕ ತಾಲೂಕಿನ ಬದಿಗೆ, ಹೊಳೆಯ ತಳ ಎತ್ತರ, ಅಲ್ಲಿನ್ನೂ ಕಲ್ಲು ಕಾಣುತ್ತಿದ್ದವು. ಏನು ಎತ್ತ ಎಂದು ಕೇಳದೆ ನಾನು ಎದ್ದೆ. ನಡೆಯುತ್ತ ನಡೆಯುತ್ತ ಕಾಲಿಗೆ ತಣ್ಣಗೆ ಹತ್ತಿತು. ಆಗ ತಿಳಿಯಿತು. ಅಯ್ಯೋ ದೇವರೇ, ಎಂಥ ಹೆದರಿಕೆ ಅದು! ಕಿವಿಯಲ್ಲಿ ಆ ದನಿ ಮಾತ್ರ ಒಂದೇ ಸಮ ನಡೆದಿತ್ತು: ಮುಂದ, ಬಲಕ್ಕ ದೊಡ್ಡ ಕಲ್ಲು, ಹಾಂ, ಇನ್ನೊಂದು. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು, ಸೆಳೆಯತೊಡಗಿತು. ನಾನು ಅಳುತ್ತಿದ್ದೆ. ಆಕೆ ಅದನ್ನು ಕೇಳಿಸಿಕೊಂಡರೂ ಸುಮ್ಮನಿರು ಎನ್ನಲಿಲ್ಲ, ಮುಂದಿನ ಕಲ್ಲು ಹೇಳಿದಳು. ಕೊನೆಗೆ ಕೈಗೆ ಜಾಲಿಯ ಬೇರು ಸಿಕ್ಕಿತು. ಮೇಲೆ ಹತ್ತಿ ತಿರುಗಿ ನೋಡಿದಾಗ ಛತ್ರಿ ತೇಲಿ ಹೋಗುತ್ತಿತ್ತು, ಬಂಡೆ ಇರಲಿಲ್ಲ.

ಲ್ಯಾಪ್‌ಟಾಪು ಹೋಗಿತ್ತು, ಆದರೆ ಫೋನಿನಲ್ಲೂ ಪಾಠ ತೆರೆದೇ ಇತ್ತು. ಮಕ್ಕಳು ಒಬ್ಬರೂ ಎದ್ದು ಹೋಗಿರಲಿಲ್ಲ. ಒಂದು ಹುಡುಗಿ ಮೆಲ್ಲಗೆ, ದಂಡಿ ಬಂತೇನ್ರಿ ಟೀಚರ್, ಎಂದು ಕೇಳಿತು.

ಕೆಳಗಿನ ಸಣ್ಣ ಸೇತುವೆ ನೀರಿನಲ್ಲಿ ಮುಳುಗಿತ್ತು. ಮಾವ ಸುದ್ದಿ ತಿಳಿದು ಓಡಿ ಬಂದು, ಗಾಡಿ ಹೊರಡಿಸಿ, ಹೈವೇ ಸುತ್ತಿ ನನ್ನ ಬದಿಗೆ ಬರುವಷ್ಟರಲ್ಲಿ ಹೊತ್ತು ಇಳಿಯುತ್ತ ಬಂದಿತ್ತು. ಅಲ್ಲಿಯತನಕ ಅತ್ತಿ ಫೋನ್ ಇಡಲಿಲ್ಲ. ಗಾಡಿ ನಿಂತಿತು, ಇಳಿದಳು, ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅಲ್ಲೇ ರಸ್ತೆಯ ಮೇಲೆ ಕುಸಿದು ಕೂತು ವಾಂತಿ ಮಾಡಿಕೊಂಡಳು. ಹಲ್ಲು ಕಟಕಟ ಎನ್ನುತ್ತಿದ್ದವು. ಯಾವುದಕ್ಕೂ ನಗುವ ಮಾವ ಅಂದು ಆಕೆಯ ಬೆನ್ನು ಸವರುತ್ತ ಕೂತಿದ್ದರು.

ಆ ರಾತ್ರಿ ಆಕೆಗೆ ಏರಿದ ಜ್ವರ ಇಳಿದ ಮೇಲೆ ಕೇಳಿದೆ, ಅತ್ತಿ, ಅಷ್ಟು ಅಂಜುವಾಕಿ, ನಿನ್ನ ದನಿ ಹೆಂಗ ನಡಗಲಿಲ್ಲ ಅಂತ.

“ಅಂಜಿಕಿ ನನಗಿತ್ತು. ದನಿಗ್ಯಾಕ ಹೇಳಬೇಕಿತ್ತು ಅದನ್ನ?” ಎಂದಳು. ಹಲ್ಲಿ ಕಂಡು ಕಿರುಚುವಾಗ ಈ ಜಾಣತನ ಎಲ್ಲಿರುತ್ತದೆ ಎಂದು ಕೇಳಬೇಕೆನಿಸಿತು.

ಕಳೆದ ವರ್ಷ ಆಕೆಯ ಪುಪ್ಪುಸಗಳಲ್ಲಿ ನೀರು ತುಂಬಿತು. ಘಟಪ್ರಭಾ ಊರಿನ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಮಾವ ಡಾಕ್ಟರರ ಹತ್ತಿರ ಹೋಗಿದ್ದರು, ನಾನು ಕೈ ಹಿಡಿದು ಕೂತಿದ್ದೆ. ಆಕ್ಸಿಜನ್ನಿನ ಮುಖವಾಡ ಸರಿಸಿ, “ನನಗ ಅಂಜಿಕಿ ಆಗಾಕತ್ತೈತಿ” ಎಂದಳು. ಹಲ್ಲಿಯ ವಿಷಯ ಹೇಳಿದಷ್ಟೇ ಸರಳವಾಗಿ ಹೇಳಿದಳು. ಆ ಕಡೆ ದಂಡೆಗೆ ಹೋಗುವವಳಿಗೆ ಒಂದು ಸಪಾಟಾದ ದನಿ ಬೇಕಾಗಿತ್ತು. ಈಗ ನನ್ನ ಪಾಳಿ ಎಂದು ನನಗೆ ಗೊತ್ತಿತ್ತು. ಏನೂ ಆಗುವುದಿಲ್ಲ ಅತ್ತಿ, ನಾನು ಇಲ್ಲೇ ಇದ್ದೇನೆ ಎಂದು ಹೇಳಹೊರಟೆ. ಅರ್ಧಕ್ಕೇ ದನಿ ಒಡೆಯಿತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಆಕೆ ಕಣ್ಣು ತೆರೆದು ನನ್ನನ್ನು ನೋಡಿದಳು. “ನಡಗಿದ್ರ ನಡಗ್ಲಿ. ನೀ ಮಾತಾಡು,” ಎಂದಳು.

ಮಾತಾಡಿದೆ. ಮಕ್ಕಳ ಪರೀಕ್ಷೆಯ ಸುದ್ದಿ, ಮಾವ ಗಾಡಿಗೆ ಬಳಿಸಿದ ಹೊಸ ಬಣ್ಣದ ಸುದ್ದಿ, ಮಳೆ ಬಂದ ಸುದ್ದಿ, ಬಾಯಿಗೆ ಬಂದದ್ದನ್ನೆಲ್ಲ ಅಳುದನಿಯಲ್ಲೇ ಹೇಳುತ್ತ ಹೋದೆ. ಮಾವ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಾಗಲೂ ಹೇಳುತ್ತಲೇ ಇದ್ದೆ. ಕೇಳುವವಳು ಯಾವ ಮಾತಿನ ತನಕ ಇದ್ದಳೋ ನನಗೆ ಗೊತ್ತಾಗಲೇ ಇಲ್ಲ.