ಕೊಕ್ಕರೆ ನುಂಗುವ ಸೂಕ್ಷ್ಮಜೀವಿ

“ಈ ಬಾಲದ ಕುಂಬಳಕಾಯಿ ನಮ್ಮ ಕೊಕ್ಕರೇನ ನುಂಗ್ಬಿಡಲ್ವೇನೇ?” ನನ್ನ ರೆಕಾರ್ಡ್ ಪುಸ್ತಕ ಹಿಡಿದು ಅಜ್ಜಿ ಗಾಬರಿಯಿಂದ ಕೇಳಿದಳು.

ನನಗೆ ಮೊದಲೇ ತಲೆ ಕೆಟ್ಟಿತ್ತು. ನಲವತ್ತರ ದಶಕದಲ್ಲಿ ನಾನು ಜೋಗುಪಾಳ್ಯದಿಂದ ಕಾಲೇಜಿಗೆ ಹೋಗುತ್ತಿದ್ದೆ. ನೀರುಹಕ್ಕಿಯೊಂದನ್ನು ಸಮುದ್ರದ ಸೂಕ್ಷ್ಮಜೀವಿಯೊಂದಿಗೆ ಹೋಲಿಸಿ ಬರೆಯಿರಿ ಎಂದಿದ್ದರು ಪ್ರಾಣಿಶಾಸ್ತ್ರದ ಮೇಷ್ಟ್ರು. ಯಾವ ಚಿತ್ರವಾದರೂ ಪುಟ ತುಂಬಲೇಬೇಕು ಎಂಬುದು ಅವರ ಹಟ. ಎಡಪುಟದಲ್ಲಿ ಹಲಸೂರು ಕೆರೆಯ ಕೊಕ್ಕರೆ, ಬಲಪುಟದಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ, ಬಾಲವಿರುವ ಉಂಡೆಯಂಥ ಸಮುದ್ರಜೀವಿ ನಾಕ್ಟಿಲೂಕಾ. ಮೂರು ಸಲ ಬರೆದು ಅಳಿಸಿ ಬೆರಳು ನೋಯುತ್ತಿತ್ತು. ಬೆಳಗ್ಗೆಯೇ ಒಪ್ಪಿಸಬೇಕಿತ್ತು.

“ಅಯ್ಯೋ ಅಜ್ಜೀ, ಅದು ಸಾಸಿವೆಗಿಂತ್ಲೂ ಚಿಕ್ಕದು! ನಿಂಗೆ ಇದೆಲ್ಲ ಗೊತ್ತಾಗಲ್ಲ, ಕೊಡಿಲ್ಲಿ.”

“ಹಂಗಂತ ಇಲ್ಲೆಲ್ಲಿ ಬರ್ದಿದೀಯ?”

ಪುಸ್ತಕ ಕಿತ್ತುಕೊಂಡೆ. ಮರುದಿನ ಮೇಷ್ಟ್ರು ಎರಡೂ ಪುಟಗಳಿಗೆ ಕೆಂಪು ಗೀಟೆಳೆದು, ಪುಸ್ತಕವನ್ನು ಮೇಜಿನ ಮೇಲೆ ಎಸೆದರು. “ಎಷ್ಟು ಪಟ್ಟು ದೊಡ್ಡದು ಮಾಡಿದ್ದು ಅಂತ ಎಲ್ಲಮ್ಮ ಬರ್ದಿದೀಯ?”

ಮುಂದೆ ನಾನೂ ಅದೇ ಪಾಠ ಹೇಳಿ ನಿವೃತ್ತಳಾದೆ. ಚಿತ್ರದ ಕೆಳಗೆ ಅಳತೆ ಬರೆಯದ ಮಕ್ಕಳನ್ನು ಗದರಿಸಲು ಬಾಯಿ ತೆರೆದಾಗಲೆಲ್ಲ, ಅಜ್ಜಿಯ ಕೈಯಿಂದ ಪುಸ್ತಕ ಕಿತ್ತುಕೊಂಡದ್ದು ನೆನಪಾಗಿ, ಗದರುವ ಬದಲು ಪೆನ್ಸಿಲು ಕೊಟ್ಟು ಅಲ್ಲೇ ಬರೆಸುತ್ತಿದ್ದೆ.